ಮೀನಿನ ಮೊಟ್ಟೆಯಲ್ಲಿ ಯಾವ ಸೆಲ್ ಎಲ್ಲಿಗೆ ಹೋಗ್ಬೇಕು ಅಂತ ಹೇಳೋರ್ಯಾರು?

ಮೀನಿನ ಭ್ರೂಣ ನೋಡೋದೇ ನನ್ನ ಕೆಲಸ ಅಂತ ಗೊತ್ತಾದ ಕೂಡ್ಲೇ ನೆಂಟರಿಂದ ಹಿಡಿದು ಪಿಯುಸಿ ಮಕ್ಕಳವರೆಗೂ ಸುತ್ತಿ ಬಳಸಿ ಕೇಳೋದು ಒಂದೇ ಪ್ರಶ್ನೆ. ಮೊಟ್ಟೆ ಒಂದೇ, ಅದು ಒಡೆದು ಒಡೆದು ಆದ ಸೆಲ್‌ಗಳಲ್ಲಿರೋ ಡಿಎನ್ಎ ಕೂಡ ಒಂದೇ, ಅಂದ್ಮೇಲೆ ಇದು ಚರ್ಮ, ಇದು ಮಾಂಸ, ಇದು ಕರುಳು ಅಂತ ಬೇರೆ ಆಗೋದು ಹೇಗೆ, ಬೇರೆ ಆದ್ಮೇಲೂ ಮತ್ತೆ ಕಲಸಿ ಹೋಗದೆ ಇರೋದು ಹೇಗೆ? ಎಲ್ಲಾ ಜೀನ್‌ಗಳ ಮಹಿಮೆ ಅಂತ ಒಂದೇ ಮಾತಲ್ಲಿ ಮುಗಿಸ್ಬಹುದು, ಎಷ್ಟೋ ಜನ ಹಾಗೇ ಮುಗಿಸ್ತಾರೆ. ನನ್ನ ಪ್ರಕಾರ ಅದು ಅರ್ಧ ಉತ್ತರ. ಜೀನ್ ಯಾವ ಸೆಲ್ಲನ್ನೂ ಕೈ ಹಿಡಿದು ಕರ್ಕೊಂಡು ಹೋಗಲ್ಲ, ಸೆಲ್ ತಾನೇ ಎಳೀಬೇಕು, ಅಂಟ್ಕೋಬೇಕು, ತೆವಳ್ಕೊಂಡು ಹೋಗ್ಬೇಕು.

ನಾವು ನೋಡೋದು ಜೀಬ್ರಾಫಿಶ್, ಬೆರಳಿಗಿಂತ ಚಿಕ್ಕ, ಮೈಮೇಲೆ ನೀಲಿ ಪಟ್ಟೆ ಇರೋ ಮೀನು. ಮೂಲದಲ್ಲಿ ನಮ್ಮ ಉಪಖಂಡದ ಹಳ್ಳ, ಗದ್ದೆ ನೀರಿನ ಮೀನೇ, ಆದ್ರೆ ಅದನ್ನ ಈ ಥರದ ಸಂಶೋಧನೆಗೆ ಹದ ಮಾಡಿದ್ದು ಅಮೆರಿಕದ ಆರೆಗಾನ್ ಯೂನಿವರ್ಸಿಟಿಯ ಜಾರ್ಜ್ ಸ್ಟ್ರೈಸಿಂಗರ್, 1960ರ ದಶಕದ ಕೊನೆಯಿಂದ. ಮೊಟ್ಟೆ ತಾಯಿ ಹೊಟ್ಟೆಯಿಂದ ಹೊರಗೇ ಬೆಳೆಯುತ್ತೆ, ಅಡ್ಡಳತೆ ಹತ್ರಹತ್ರ 0.7 ಮಿಲಿಮೀಟರ್, ಪೂರ್ತಿ ಪಾರದರ್ಶಕ. ಮನುಷ್ಯರಲ್ಲಿ ಸೆಲ್‌ಗಳು ಪದರಪದರವಾಗಿ ಬೇರೆ ಆಗೋ ಈ ಕೆಲಸ ಮೂರನೇ ವಾರದಲ್ಲಿ ಗರ್ಭದೊಳಗೆ ನಡೆಯುತ್ತೆ, ಎಷ್ಟೋ ಸಲ ತಾನು ಬಸುರಿ ಅಂತ ತಾಯಿಗೇ ಗೊತ್ತಿರಲ್ಲ, ಅದನ್ನ ಹೀಗೆ ಕೂತು ನೋಡೋ ಮಾತೇ ಇಲ್ಲ.

ನೀರು 28.5 ಡಿಗ್ರಿ ಇಟ್ರೆ ಮುಕ್ಕಾಲು ಗಂಟೆಗೆ ಮೊದಲ ಸೆಲ್ ಎರಡಾಗುತ್ತೆ, ಆಮೇಲೆ ಸುಮಾರು 15 ನಿಮಿಷಕ್ಕೊಂದು ಸಲ ದುಪ್ಪಟ್ಟು, ಮೂರು ಗಂಟೆಗೆ ಸಾವಿರ ಸೆಲ್. ಅಲ್ಲಿವರೆಗೂ ತಾಯಿ ಮೊಟ್ಟೆಯಲ್ಲಿ ತುಂಬಿಸಿಟ್ಟ ಸರಕಿನಲ್ಲೇ ಬಹುಪಾಲು ಕೆಲಸ ನಡೀತಿರುತ್ತೆ, ಭ್ರೂಣದ ಸ್ವಂತ ಜೀನ್‌ಗಳು ಜೋರಾಗಿ ಆನ್ ಆಗೋದೇ ಆಮೇಲೆ. ನಾಲ್ಕು ಗಂಟೆ ದಾಟಿದ್ಮೇಲೆ ಸೆಲ್‌ಗಳ ರಾಶಿ ತೆಳ್ಳಗಾಗ್ತಾ ಕೆಳಗಿನ ಹಳದಿ ಭಾಗವನ್ನ ಹೊದ್ಕೊಳ್ಳೋಕೆ ಇಳಿಯುತ್ತೆ. ಅರ್ಧ ಇಳಿದಾಗ, ಅಂದ್ರೆ ಸುಮಾರು ಐದೂಕಾಲು ಗಂಟೆಗೆ, ನಾನು ಮೈಕ್ರೋಸ್ಕೋಪ್ ಬಿಟ್ಟು ಏಳಲ್ಲ. ಅಂಚಿನಲ್ಲಿರೋ ಸೆಲ್‌ಗಳು ಒಂದೊಂದಾಗಿ ಒಳಗೆ ಮುಳುಗಿ, ಮೇಲಿನವು ಇನ್ನೂ ಕೆಳಗೆ ಇಳೀತಿರುವಾಗ್ಲೇ ಇವು ಅವುಗಳ ಅಡಿಯಲ್ಲೇ ತಿರುಗಿ ಮೇಲಕ್ಕೆ ತೆವಳ್ಕೊಂಡು ಹೋಗ್ತವೆ, ಎರಡರ ನಡುವೆ ಒಂದು ಸಣ್ಣ ಗೆರೆ ಮೂಡುತ್ತೆ. ಮೇಲಿದ್ದದ್ದು ಎಕ್ಟೋಡರ್ಮ್, ಅದು ಚರ್ಮ ಮತ್ತು ನರಮಂಡಲ ಆಗುತ್ತೆ. ಒಳಗೆ ಹೋದದ್ದು ಮುಂದೆ ಮಾಂಸ, ರಕ್ತ, ಕರುಳು. ಒಳಗೆ ಹೋಗೋ ಸೆಲ್‌ಗಳಿಗೆ ಆ ಗುರುತು ಕೊಡೋದು ಅಂಚಿನಿಂದ ಹರಡೋ ನೋಡಲ್ ಅನ್ನೋ ಪ್ರೋಟೀನ್, ಅಷ್ಟು ಮಟ್ಟಿಗೆ ಜೀನ್ ಕಥೆ ಸರಿ.

ಆದ್ರೆ ಆ ಗೆರೆ ಯಾಕೆ ಅಳಿಸಿ ಹೋಗಲ್ಲ? 1955ರಲ್ಲಿ ಟೌನ್ಸ್ ಮತ್ತು ಹೋಲ್ಟ್‌ಫ್ರೆಟರ್ ಅನ್ನೋರು ಉಭಯಚರಗಳ ಭ್ರೂಣದ ಸೆಲ್‌ಗಳನ್ನ ಬಿಡಿಬಿಡಿ ಮಾಡಿ ಬೆರೆಸಿಟ್ರೆ ಅವು ತಾವೇ ವಿಂಗಡಣೆ ಆಗೋದನ್ನ ತೋರಿಸಿದ್ರು. ಆಮೇಲೆ ಮಾಲ್ಕಮ್ ಸ್ಟೈನ್‌ಬರ್ಗ್ ಅದಕ್ಕೆ ಕಾರಣ ಕೊಟ್ರು, ಹೆಚ್ಚು ಅಂಟೋ ಸೆಲ್‌ಗಳು ಒಳಗೆ ಸೇರ್ತವೆ, ಕಮ್ಮಿ ಅಂಟೋವು ಹೊರಗೆ ಸುತ್ಕೊಳ್ತವೆ, ಎಣ್ಣೆ ನೀರು ಬೇರೆ ಆದ ಹಾಗೆ ಅಂತ. ಚೆಂದದ ವಿವರಣೆ. 2008ರಲ್ಲಿ ಕಾರ್ಲ್ ಫಿಲಿಪ್ ಹೈಸೆನ್‌ಬರ್ಗ್ ಅವರ ತಂಡ ಜೀಬ್ರಾಫಿಶ್ ಸೆಲ್‌ಗಳನ್ನ ಜೋಡಿಜೋಡಿಯಾಗಿ ಅಂಟಿಸಿ ಎಳೆದು ಬಲ ಅಳೆದಾಗ ಲೆಕ್ಕ ತಿರುವುಮುರುವಾಯ್ತು. ಎಕ್ಟೋಡರ್ಮ್ ಸೆಲ್‌ಗಳ ಅಂಟು ಕಮ್ಮಿ, ಆದ್ರೂ ಬೆರೆಸಿಟ್ಟ ಮುದ್ದೆಯಲ್ಲಿ ಒಳಗೆ ಸೇರೋದು ಅವೇ. ಯಾಕಂದ್ರೆ ಅವುಗಳ ಹೊರ ಪೊರೆಯ ಅಡಿಯಲ್ಲಿ ಆಕ್ಟಿನ್, ಮಯೋಸಿನ್ ಅನ್ನೋ ಪ್ರೋಟೀನ್ ಎಳೆಗಳು ಹೆಚ್ಚು ಬಿಗಿಯಾಗಿರ್ತವೆ, ಅಂಟಿನ ಜೊತೆ ಆ ಬಿಗಿತವೂ ಲೆಕ್ಕಕ್ಕೆ ಬರುತ್ತೆ.

ಇಲ್ಲಿ ಒಂದು ಕ್ಷಣ ನಿಲ್ಲಿ. ಲ್ಯಾಬಿನ ಡಿಶ್‌ನಲ್ಲಿ ಬೆರೆಸಿಟ್ರೆ ಎಕ್ಟೋಡರ್ಮ್ ಒಳಗೆ, ಆದ್ರೆ ನಿಜವಾದ ಮೀನಲ್ಲಿ ಎಕ್ಟೋಡರ್ಮ್ ಹೊರಗೆ! ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟ ಆಗೋದು ಇದೇ ಜಾಗ. 2017ರಲ್ಲಿ ಅದೇ ಗುಂಪು ಭ್ರೂಣದೊಳಗೇ ಅಳತೆ ಮಾಡಿ ನೋಡಿದಾಗ ಅಲ್ಲಿ ಎರಡು ಪದರಗಳ ಮೇಲ್ಮೈ ಬಿಗಿತದಲ್ಲಿ ವ್ಯತ್ಯಾಸವೇ ಕಾಣ್ಲಿಲ್ಲ. ಸೆಲ್‌ಗಳ ನಡುವೆ ಇರೋ ದ್ರವದಲ್ಲಿ ಕರಗಿರೋ ಪದಾರ್ಥ ಸೆಲ್ ಬೆಳೆಸೋಕೆ ನಾವು ಡಿಶ್‌ಗೆ ಹಾಕೋ ಮೀಡಿಯಮ್ ಅನ್ನೋ ದ್ರವಕ್ಕಿಂತ ಕಮ್ಮಿ, ಬಿಗಿತದ ವ್ಯತ್ಯಾಸ ಡಿಶ್‌ನಲ್ಲಿ ಕಂಡು ಭ್ರೂಣದಲ್ಲಿ ಕಾಣದೇ ಇರೋದಕ್ಕೆ ಅಷ್ಟೇ ಸಾಕು. ಹಾಗಾದ್ರೆ ಭ್ರೂಣದಲ್ಲಿ ಬೇರೆ ಮಾಡೋದು ಯಾವ್ದು ಅಂದ್ರೆ, ಒಳಗೆ ಹೋದ ಸೆಲ್‌ಗಳು ಒಂದೇ ದಿಕ್ಕಿಗೆ ತೆವಳ್ತವಲ್ಲ, ಆ ನಡಿಗೆ. ಅದನ್ನ ಕೆಡಿಸಿದ್ರೆ ಪದರಗಳು ಸರಿಯಾಗಿ ಬೇರೆ ಆಗಲ್ಲ.

ಹತ್ತು ಗಂಟೆ ಕಳೆದ್ಮೇಲೆ ಬೇರೆ ಥರದ ಗಡಿ ಬೇಕಾಗುತ್ತೆ. ಬೆನ್ನಿನ ಎರಡೂ ಕಡೆ ಅರ್ಧ ಗಂಟೆಗೊಂದು ಜೋಡಿಯಂತೆ ಮಾಂಸದ ತುಂಡುಗಳು, ಸೋಮೈಟ್ ಅಂತೀವಿ, ಕಡಿದು ಬೀಳ್ತವೆ. ಇಲ್ಲಿ ಅಕ್ಕಪಕ್ಕದ ಸೆಲ್‌ಗಳು ಎಫ್ ಮತ್ತು ಎಫ್ರಿನ್ ಅನ್ನೋ ಪ್ರೋಟೀನ್‌ಗಳ ಮೂಲಕ ಒಂದನ್ನೊಂದು ದೂರ ತಳ್ತವೆ, ಬಿಟ್ಟ ಸಂದಿನಲ್ಲಿ ಫೈಬ್ರೊನೆಕ್ಟಿನ್ ಅನ್ನೋ ಇನ್ನೊಂದು ಪ್ರೋಟೀನ್ ತುಂಬ್ಕೊಳ್ಳುತ್ತೆ. ಬಾಲದ ತುದಿಯ ಅಂಗಾಂಶ ದ್ರವದ ಥರ ಹರಿಯುತ್ತೆ, ಸ್ವಲ್ಪ ಮುಂದಕ್ಕೆ ಅದೇ ಗಟ್ಟಿಯಾಗಿರುತ್ತೆ. ಸಣ್ಣ ಎಣ್ಣೆ ಹನಿಗಳನ್ನ ಒಳಗಿಟ್ಟು ಮ್ಯಾಗ್ನೆಟ್‌ನಿಂದ ಎಳೆದು 2018ರಲ್ಲಿ ಇದನ್ನ ಅಳೆದು ತೋರಿಸಿದ್ದು ಓಟ್ಗರ್ ಕಂಪಾಸ್ ಅವರ ತಂಡ.

ಇದೆಲ್ಲಾ ತಿಳ್ಕೊಂಡು ಏನು ಪ್ರಯೋಜನ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತೆ. ಒಂದು ಉದಾಹರಣೆ ಹೇಳ್ತೀನಿ. ನೋ ಟೇಲ್ ಅನ್ನೋ ಜೀನ್ ಕೆಟ್ಟ ಜೀಬ್ರಾಫಿಶ್‌ನಲ್ಲಿ ಬಾಲ ಬರಲ್ಲ, ಬೆನ್ನಿನ ನಡುವೆ ಇರ್ಬೇಕಾದ ನೋಟೋಕಾರ್ಡ್ ಅನ್ನೋ ದಂಡವೂ ಸರಿಯಾಗಿ ಆಗಲ್ಲ. ಅದೇ ಜೀನ್ ನಮ್ಮಲ್ಲೂ ಇದೆ, ಬ್ರ್ಯಾಕಿಯುರಿ ಅಂತ ಹೆಸರು. ನಮ್ಮ ನೋಟೋಕಾರ್ಡ್ ಭ್ರೂಣದಲ್ಲೇ ಮರೆಯಾಗುತ್ತೆ, ಅದರ ಉಳಿಕೆ ಸೆಲ್‌ಗಳು ಕೆಲವರ ಬೆನ್ನುಮೂಳೆಯಲ್ಲೋ ತಲೆಬುರುಡೆ ತಳದಲ್ಲೋ ಉಳ್ಕೊಂಡಿರ್ತವೆ, ಅಪರೂಪಕ್ಕೆ ಅವು ಕಾರ್ಡೋಮಾ ಅನ್ನೋ ಕ್ಯಾನ್ಸರ್ ಆಗ್ತವೆ. ಬಯಾಪ್ಸಿ ಬಂದಾಗ ಅದು ಕಾರ್ಡೋಮಾನೇ ಹೌದಾ ಅಂತ ಗುರುತಿಸೋಕೆ ಪ್ಯಾಥಾಲಜಿ ಲ್ಯಾಬ್‌ಗಳಲ್ಲಿ ಇವತ್ತು ಬಣ್ಣ ಹಾಕಿ ಹುಡುಕೋದು ಇದೇ ಬ್ರ್ಯಾಕಿಯುರಿ ಪ್ರೋಟೀನನ್ನ.