ಸಾಕ್ಷಿ ಹೇಳಬಹುದು, ಪ್ರಸಂಗ ಬೇಡ ಅಂದರು

ಹೋದ ಭಾನುವಾರ ನಮ್ಮ ಪಾಸ್ಟರ್ ಊರಲ್ಲಿರಲಿಲ್ಲ. ವಾಕ್ಯ ಹೇಳು, ಅಂದರೆ ಬೈಬಲ್ ಬಿಡಿಸಿ ಪ್ರಸಂಗ ಮಾಡು, ಅಂತ ನನಗೆ ಹೇಳಿ ಹೋಗಿದ್ದರು. ಶನಿವಾರ ರಾತ್ರಿ ತುಂಬಾ ಹೊತ್ತು ಕೂತು ಓದಿಕೊಂಡಿದ್ದೆ. ಆರಾಧನೆ ಶುರುವಾಗುವ ಮುಂಚೆ ಹಿರಿಯರೊಬ್ಬರು ಕರೆದು, "ನೋಡಮ್ಮಾ, ಮೇಲೆ ಹತ್ತಬೇಡ. ಕೆಳಗೇ ಮೈಕ್ ಹಿಡಿದು ಸಾಕ್ಷಿ ಹೇಳು, ಪ್ರಸಂಗ ಬೇಡ" ಅಂದರು. ಸಾಕ್ಷಿ ಅಂದರೆ ದೇವರು ನಮ್ಮ ಬದುಕಲ್ಲಿ ಮಾಡಿದ್ದನ್ನು ಹೇಳುವುದು ಅಷ್ಟೇ. ವೇದಿಕೆಗೆ ಇರುವುದು ಎರಡೇ ಮೆಟ್ಟಿಲು. ಆದರೂ ಮನಸ್ಸಿಗೆ ತುಂಬಾ ನೋವಾಯಿತು.

ನಮ್ಮದು ಆಂಧ್ರದ ಕರ್ನೂಲು ಜಿಲ್ಲೆಯ ಆದೋನಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು. ನಮ್ಮ ಮನೆಗೆ ಸುವಾರ್ತೆ ತಂದವಳು ನಮ್ಮಜ್ಜಿ. ಹತ್ತಿ ಬಿಡಿಸಲು ಹೋದ ಹೊಲದಲ್ಲಿ, ಬುತ್ತಿ ಬಿಚ್ಚುವ ಹೊತ್ತಿಗೆ ಬದುವಿನ ಮೇಲೆ ಕೂತು ಯೇಸುವಿನ ಕಥೆ ಹೇಳುತ್ತಿದ್ದಳು, ಕನ್ನಡದವರಿಗೆ ಕನ್ನಡದಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ. ಅಲ್ಲಿ ಯಾರೂ ಅವಳಿಗೆ ಸುಮ್ನಿರು ಅನ್ನಲಿಲ್ಲ. ಈಗಲೂ ಉಪವಾಸ ಪ್ರಾರ್ಥನೆ, ಸಂಡೇ ಸ್ಕೂಲ್, ಮನೆ ಕೂಟ, ಆಸ್ಪತ್ರೆಗೆ ಹೋಗಿ ರೋಗಿಗಳಿಗಾಗಿ ಪ್ರಾರ್ಥಿಸುವುದು, ಎಲ್ಲದರಲ್ಲೂ ಹೆಂಗಸರೇ ಜಾಸ್ತಿ. ಗಂಡಸರು ಕೂತು ಕೇಳಬೇಕು ಅಂದಾಗ ಮಾತ್ರ ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಮೊದಲ ಪತ್ರದ 2:12 ತೆಗೆಯುತ್ತಾರೆ, ಹೆಂಗಸು ಉಪದೇಶ ಮಾಡಬಾರದು ಅಂತ.

ಆ ವಾಕ್ಯ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದೇ ತಿಮೊಥೆಯನಿಗೆ ಬರೆದ ಎರಡನೇ ಪತ್ರವನ್ನೂ ಓದಬೇಕಲ್ವಾ? ನಿನ್ನಲ್ಲಿರುವ ನಂಬಿಕೆ ಮೊದಲು ನಿನ್ನ ಅಜ್ಜಿ ಲೋವಿಯಲ್ಲಿ, ನಿನ್ನ ತಾಯಿ ಯೂನಿಕೆಯಲ್ಲಿ ಇತ್ತು ಅಂತ ಪೌಲ 1:5ರಲ್ಲಿ ನೆನಪಿಸುತ್ತಾನೆ. ಇದನ್ನು ಓದಿದಾಗಲೆಲ್ಲ ನನಗೆ ಹತ್ತಿ ಹೊಲದ ಬದುವೇ ಕಣ್ಣ ಮುಂದೆ ಬರುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯದಲ್ಲಿ ಹೆಂಗಸರು ಸಭೆಯಲ್ಲಿ ಮೌನವಾಗಿರಲಿ ಅಂತ ಇದೆ, ಸರಿ, ಆದರೆ 11ನೇ ಅಧ್ಯಾಯದಲ್ಲಿ ಪ್ರಾರ್ಥಿಸುವ, ಪ್ರವಾದಿಸುವ ಹೆಂಗಸು ತಲೆ ಮುಚ್ಚಿಕೊಂಡಿರಲಿ ಅಂತಲೂ ಇದೆ. ಬಾಯೇ ತೆರೆಯಬಾರದು ಅಂತಿದ್ದರೆ ಮುಸುಕಿನ ಮಾತು ಯಾಕೆ ಬೇಕಿತ್ತು? ಅಪೊಲ್ಲೋಸನಂಥ ಒಳ್ಳೆ ಮಾತುಗಾರನನ್ನೇ ಕೂರಿಸಿಕೊಂಡು ಗಂಡನ ಜೊತೆ ಸೇರಿ ತಿಳಿಸಿ ಹೇಳಿದವಳು ಪ್ರಿಸ್ಕಿಲ್ಲ. ಯೇಸು ಎದ್ದ ಸುದ್ದಿಯನ್ನು ಶಿಷ್ಯರಿಗೆ ಮುಟ್ಟಿಸಿದವಳು ಮಗ್ದಲದ ಮರಿಯಳು.

ಇಷ್ಟಕ್ಕೂ ಹೆಂಗಸು ವಾಕ್ಯ ಹೇಳುವುದು ನಮ್ಮ ಕಡೆ ಹೊಸದಲ್ಲ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ 1976ರಲ್ಲೇ ಹೆಂಗಸಿಗೆ ಪಾದ್ರಿ ದೀಕ್ಷೆ ಕೊಟ್ಟಿತು. 2013ರಲ್ಲಿ ನಂದ್ಯಾಲದಲ್ಲಿ ಪುಷ್ಪ ಲಲಿತ ಅವರು ಆ ಸಭೆಯ ಮೊದಲ ಮಹಿಳಾ ಬಿಷಪ್ ಆದರು. ನಂದ್ಯಾಲ ಆಗ ನಮ್ಮ ಕರ್ನೂಲು ಜಿಲ್ಲೆಯಲ್ಲೇ ಇತ್ತು! ನಮ್ಮದು ಸಿಎಸ್‌ಐ ಅಲ್ಲ, ಚಿಕ್ಕ ಸ್ವತಂತ್ರ ಸಭೆ. ಆದರೆ ಓದುವುದು ಅದೇ ಬೈಬಲ್.

ಅವತ್ತು ನಾನು ಜಗಳ ಮಾಡಲಿಲ್ಲ. ಕೆಳಗೇ ನಿಂತು, ರಾತ್ರಿ ಓದಿಕೊಂಡಿದ್ದನ್ನೇ ಹೇಳಿದೆ: ಕೊಡ ಬಿಟ್ಟು ಊರೊಳಗೆ ಹೋದ ಸಮಾರ್ಯದ ಹೆಂಗಸಿನ ಕಥೆ. ಅವಳ ಸಾಕ್ಷಿಯ ಮಾತಿನಿಂದ ಆ ಊರಿನ ಬಹಳ ಜನ ನಂಬಿದರು ಅಂತ ಯೋಹಾನ 4:39ರಲ್ಲಿದೆ. ಆ ವಾಕ್ಯವನ್ನು ಎರಡು ಸಲ ಓದಿದೆ.

ಪಾಸ್ಟರ್ ವಾಪಸ್ ಬಂದಿದ್ದಾರೆ. ಮುಂದಿನ ಸಲ ಮೇಲೆ ನಿಂತೇ ವಾಕ್ಯ ಹೇಳುತ್ತೇನೆ ಅಂತ ಅವರಿಗೂ, ಪಾಸ್ಟರಮ್ಮನಿಗೂ ಹೇಳಿ ಬಂದೆ. ಹಿರಿಯರ ಜೊತೆ ಕೂತು ಮಾತಾಡೋಣ, ನೀನೂ ಬಾ ಅಂದಿದ್ದಾರೆ. ಬೈಬಲ್ ತಗೊಂಡು ಹೋಗುತ್ತೇನೆ.