ನಾಗರಿಕ ಹಕ್ಕುಗಳ ವಕೀಲಿಕೆ ಎಲ್ಲಿಂದ ಶುರು ಮಾಡಬೇಕು?

ಕಾನೂನು ಓದುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ನಾಗರಿಕ ಹಕ್ಕುಗಳ ವಕೀಲರಾಗಬೇಕು ಅಂತಿದೆ. ದೆಹಲಿಗೆ ಹೋಗಬೇಕಾ, ಎಲ್‌ಎಲ್‌ಎಂ ಮಾಡಬೇಕಾ, ಯಾವುದಾದರೂ ಸಂಸ್ಥೆ ಸೇರಬೇಕಾ?" ನನ್ನ ಉತ್ತರ ಬದಲಾಗಿಲ್ಲ. ಮೊದಲ ಐದು ವರ್ಷ ನಿಮ್ಮ ಜಿಲ್ಲೆಯ ಕ್ರಿಮಿನಲ್ ಕೋರ್ಟಿನಲ್ಲಿ ಕಳೆಯಿರಿ. ಹಕ್ಕಿನ ಕೇಸು ಮೇಲಿನ ಕೋರ್ಟಿಗೆ ಹೋದಾಗ ಅಲ್ಲಿ ನೋಡುವುದು ಠಾಣೆಯಲ್ಲಿ, ಆಸ್ಪತ್ರೆಯಲ್ಲಿ, ಮ್ಯಾಜಿಸ್ಟ್ರೇಟರ ಮುಂದೆ ಬರೆದ ಕಾಗದವನ್ನು. ಆ ಕಾಗದ ಮೊದಲ ದಿನವೇ ಕೆಟ್ಟಿದ್ದರೆ ಎಂಥ ಹಿರಿಯ ವಕೀಲರು ಬಂದರೂ ಅದನ್ನು ಸರಿಮಾಡಲು ಹೆಣಗಬೇಕಾಗುತ್ತದೆ.

ಸನ್ನದಿನ, ಅಂದರೆ ವಕೀಲಿಕೆ ನಡೆಸುವ ಪರವಾನಗಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪಿಯುಸಿ ನಂತರ ಐದು ವರ್ಷ ಅಥವಾ ಪದವಿ ನಂತರ ಮೂರು ವರ್ಷದ ಕೋರ್ಸು, ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ. ನೋಂದಣಿಗೆ 1961ರ ವಕೀಲರ ಕಾಯ್ದೆ ಗೊತ್ತುಮಾಡಿರುವುದು 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125. ಮುದ್ರಾಂಕ ಶುಲ್ಕ ಬಿಟ್ಟು ಬೇರೆ ಬೇರೆ ಹೆಸರಿನಲ್ಲಿ ಅದಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತೀರ್ಪು ಕೊಟ್ಟಿದೆ. ಇನ್ನು ಸಂಸ್ಥೆ ಸೇರುವ ಮಾತು. ಪೂರ್ಣಾವಧಿ ಸಂಬಳದ ನೌಕರರಾದರೆ ವಕೀಲರ ಪರಿಷತ್ತಿನ ನಿಯಮದ ಪ್ರಕಾರ ವಕೀಲಿಕೆ ನಡೆಸುವಂತಿಲ್ಲ. ಸಂಬಳದ ಪತ್ರಕ್ಕೆ ಸಹಿ ಹಾಕುವ ಮೊದಲು ಇದನ್ನು ತಿಳಿದಿರಿ.

ಕೆಲಸ ನಿಜವಾಗಿ ಶುರುವಾಗುವುದು ರಾತ್ರಿ ಬರುವ ಒಂದು ಫೋನಿನಿಂದ: "ನಮ್ಮ ಹುಡುಗನ್ನ ಪೊಲೀಸರು ಕರ್ಕೊಂಡು ಹೋದ್ರು." ಯಾವ ಕೇಸು ಎಂದು ಕೇಳುವುದಕ್ಕಿಂತ ಮೊದಲು ಎಷ್ಟು ಗಂಟೆಗೆ, ಎಲ್ಲಿಂದ, ಯಾವ ಗಾಡಿಯಲ್ಲಿ, ನೋಡಿದವರು ಯಾರು ಎಂದು ಕೇಳಿ ಬರೆದುಕೊಳ್ಳಿ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ, ಪ್ರಯಾಣದ ಸಮಯ ಮಾತ್ರ ಲೆಕ್ಕಕ್ಕಿಲ್ಲ. ಎಡವಟ್ಟಾಗುವುದು ಇಲ್ಲೇ. ಸೋಮವಾರ ಬೆಳಿಗ್ಗೆ ಕರೆದೊಯ್ದವನನ್ನು ಮಂಗಳವಾರ ಸಂಜೆ ಬಂಧಿಸಿದ್ದಾಗಿ ದಾಖಲೆ ಹುಟ್ಟುತ್ತದೆ, ನಡುವಿನ ಹೊತ್ತು "ವಿಚಾರಣೆಗೆ ಕರೆದಿದ್ದೆವು" ಎಂಬ ಮಾತಿನಲ್ಲಿ ಕರಗಿಹೋಗುತ್ತದೆ. ಅದಕ್ಕೇ ಆ ರಾತ್ರಿಯೇ ಮನೆಯವರ ಹೆಸರಿನಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಇಮೇಲ್ ಹೋಗಬೇಕು. ಹೊತ್ತು, ಜಾಗ, ಠಾಣೆ, ಹೆಸರು, ಇಷ್ಟೇ ಇದ್ದರೆ ಸಾಕು. ಹುಡುಗ ಎಲ್ಲಿದ್ದಾನೆ ಎಂದು ಯಾರೂ ಹೇಳದಿದ್ದರೆ ಹಿಡಿದಿಟ್ಟವನನ್ನು ಕೋರ್ಟಿನ ಮುಂದೆ ತರಿಸುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಹೈಕೋರ್ಟಿನಲ್ಲಿ ಹಾಕಲು ಇದೇ ಮೊದಲ ದಾಖಲೆ. ಜತೆಗೆ ಠಾಣೆಯ ಸಿಸಿಟಿವಿ ದೃಶ್ಯ ಕಾಯ್ದಿಡಬೇಕೆಂದು ಬೇಗನೆ ಅರ್ಜಿ ಕೊಡಿ. 18 ತಿಂಗಳ ದೃಶ್ಯ ಉಳಿಸಬೇಕು, ಆಗದಿದ್ದರೆ ಕನಿಷ್ಠ ಒಂದು ವರ್ಷದ್ದಾದರೂ ಇರಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಆದೇಶಿಸಿದೆ. ಕೇಳಲು ತಡಮಾಡಿದರೆ "ಕ್ಯಾಮೆರಾ ಕೆಟ್ಟಿತ್ತು" ಎಂಬ ಉತ್ತರ ಬರುತ್ತದೆ.

ರಿಮಾಂಡಿನ ದಿನ, ಅಂದರೆ ಬಂಧಿತನನ್ನು ಕಸ್ಟಡಿಯಲ್ಲಿಡಲು ಪೊಲೀಸರು ಮ್ಯಾಜಿಸ್ಟ್ರೇಟರನ್ನು ಕೇಳುವ ದಿನ, ಹೊಸ ವಕೀಲರು ಮಾಡುವ ದೊಡ್ಡ ತಪ್ಪು, ಜಾಮೀನು ಅರ್ಜಿ ಹಿಡಿದು ನಿಂತು ರಿಮಾಂಡ್ ಅರ್ಜಿಯನ್ನು ಓದದೇ ಬಿಡುವುದು. ಮೊದಲು ಅದರ ಪ್ರತಿ ಕೇಳಿ ಪಡೆಯಿರಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 47ನೇ ಕಲಮಿನಂತೆ ಬಂಧನದ ಕಾರಣ ತಿಳಿಸಿದ್ದಾರಾ, 48ರಂತೆ ಮನೆಯವರಿಗೆ ಹೇಳಿದ್ದಾರಾ ನೋಡಿ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ 35ನೇ ಕಲಮಿನ ನೋಟಿಸು ಕೊಡದೆ ನೇರ ಬಂಧಿಸಲು ಕಾರಣ ಬರೆದಿದ್ದಾರಾ ಎಂದೂ ಹುಡುಕಿ. ಅಕ್ರಮ ಹಣ ವರ್ಗಾವಣೆಯ ಕೇಸಿನಲ್ಲಿ 2023ರಲ್ಲಿ, ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯ (ಯುಎಪಿಎ) ಕೇಸಿನಲ್ಲಿ 2024ರಲ್ಲಿ, ಕಾರಣವನ್ನು ಬರಹದಲ್ಲಿ ಕೊಟ್ಟಿರಲಿಲ್ಲ ಎಂಬ ಒಂದೇ ಅಂಶದ ಮೇಲೆ ಸುಪ್ರೀಂ ಕೋರ್ಟ್ ಬಂಧನವನ್ನೇ ಅಸಿಂಧು ಮಾಡಿದೆ.

ಆಮೇಲೆ ಬಂಧಿತನ ಮೈಮೇಲಿನ ಗಾಯ. "ಹೊಡೆದರಾ?" ಎಂದು ಮ್ಯಾಜಿಸ್ಟ್ರೇಟರು ಕೇಳುವಂತೆ, ಅವನು ಹೇಳಿದ್ದು ಆದೇಶದ ಹಾಳೆಯಲ್ಲಿ ಬರುವಂತೆ ಮೆಮೊ (ಚಿಕ್ಕ ಲಿಖಿತ ಮನವಿ) ಹಾಕಿ. ವೈದ್ಯಕೀಯ ತಪಾಸಣೆ ಅಂದೇ ಆಗಬೇಕು. ಗಾಯದ ಪ್ರಮಾಣಪತ್ರದಲ್ಲಿ ಗಾಯದ ಅಳತೆ, ಬಣ್ಣ, ಎಷ್ಟು ಹೊತ್ತಿನದು ಎಂಬುದು ಇರಬೇಕು. ನಾಲ್ಕು ದಿನ ಬಿಟ್ಟು ಹೋದರೆ ಬಾಸುಂಡೆ ಮಾಸಿರುತ್ತದೆ, ವೈದ್ಯರು "ಹೊರಗಾಯಗಳಿಲ್ಲ" ಎಂದು ಬರೆದರೆ ಅದನ್ನು ಸುಳ್ಳೆನ್ನಲು ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಪೊಲೀಸರ ಮೇಲೆ ಖಾಸಗಿ ದೂರು, ಅಂದರೆ ಠಾಣೆಗೆ ಹೋಗದೆ ನೇರ ಮ್ಯಾಜಿಸ್ಟ್ರೇಟರಿಗೇ ಕೊಡುವ ದೂರು, ಹೂಡುವುದಾದರೆ ಕರ್ನಾಟಕದಲ್ಲಿ ಇನ್ನೊಂದು ಗೋಡೆ ಇದೆ. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮು ಸರ್ಕಾರದ ಪೂರ್ವಾನುಮತಿ ಕೇಳುತ್ತದೆ, ಒಂದು ವರ್ಷದ ಗಡುವನ್ನೂ ಇಡುತ್ತದೆ. ಅನುಮತಿ ಪಡೆದಿರಲಿಲ್ಲ ಎಂಬ ಕಾರಣಕ್ಕೆ ನಮ್ಮ ರಾಜ್ಯದ್ದೇ ಒಂದು ದೂರನ್ನು ಸುಪ್ರೀಂ ಕೋರ್ಟ್ 2020ರಲ್ಲಿ ರದ್ದುಮಾಡಿತು. ಘಟನೆ ನಡೆದ ತಿಂಗಳಲ್ಲೇ ಅನುಮತಿಗೆ ಅರ್ಜಿ ಹೋಗಲಿ, ಸ್ವೀಕೃತಿಯ ಸೀಲು ಫೈಲಿನಲ್ಲಿರಲಿ.

ಒಳಗಿರುವವರ ದಿನಗಳನ್ನು ಡೈರಿಯಲ್ಲಿ ಎಣಿಸುವುದು ಬೇಸರದ ಕೆಲಸ, ಆದರೆ ಎಷ್ಟೋ ಜನ ಹೊರಬರುವುದು ಅದರಿಂದಲೇ. ತನಿಖೆ 60 ದಿನದಲ್ಲಿ, ಗಂಭೀರ ಅಪರಾಧವಾದರೆ 90 ದಿನದಲ್ಲಿ ಮುಗಿದು ದೋಷಾರೋಪ ಪಟ್ಟಿ ಬರದಿದ್ದರೆ ಜಾಮೀನು ಹಕ್ಕಾಗುತ್ತದೆ. ಯುಎಪಿಎಯಲ್ಲಿ ಕೋರ್ಟಿನ ಅನುಮತಿಯಿದ್ದರೆ ಇದು 180 ದಿನದವರೆಗೂ ಹೋಗುತ್ತದೆ. ಮೊದಲ ರಿಮಾಂಡಿನ ದಿನವನ್ನೂ ಸೇರಿಸಿ ಎಣಿಸಬೇಕೆಂದು 2023ರಲ್ಲಿ ಇತ್ಯರ್ಥವಾಗಿದೆ. ಅರ್ಜಿ ನೀವು ಸಂಜೆ ಹಾಕೋಣವೆಂದು ಕೂತು, ಪಟ್ಟಿ ಮಧ್ಯಾಹ್ನವೇ ಸಲ್ಲಿಕೆಯಾದರೆ ಆ ಹಕ್ಕು ಹೋಯಿತು. 61ನೇ ಅಥವಾ 91ನೇ ದಿನ ಕೋರ್ಟಿನ ಬಾಗಿಲು ತೆರೆಯುವಾಗಲೇ ಕಚೇರಿಯಲ್ಲಿ ನಿಂತಿರಬೇಕು.

ಇಷ್ಟೂ ಬಂಧಿತರ ಪರವಾದ ಕೆಲಸ. ಆದರೆ ನಮ್ಮ ದೇಶದಲ್ಲಿ 'ನಾಗರಿಕ ಹಕ್ಕು' ಎಂಬ ಪದಕ್ಕೆ ಕಾನೂನಿನಲ್ಲಿರುವ ಮೊದಲ ಅರ್ಥ ಅಸ್ಪೃಶ್ಯತೆಯ ವಿರುದ್ಧದ್ದು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರಾಯಿತು, ಕರ್ನಾಟಕದಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವೇ ಇದೆ. 2025ರಲ್ಲಿ ಅದರದ್ದೇ ವಿಶೇಷ ಪೊಲೀಸ್ ಠಾಣೆಗಳೂ ಶುರುವಾದವು. ಈ ಕೆಲಸ ಕಲಿಯದೆ ಇಲ್ಲಿ ಯಾರೂ ಹಕ್ಕುಗಳ ವಕೀಲರೆನಿಸಿಕೊಳ್ಳಲಾರರು ಎಂದೇ ನಾನು ನಂಬಿದ್ದೇನೆ.

ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ಹಿಂಸೆಯ ವಿರುದ್ಧ ಇರುವ 1989ರ ದೌರ್ಜನ್ಯ ತಡೆ ಕಾಯ್ದೆಯ ಕೇಸು ಸೋಲುವುದು ಹೆಚ್ಚಾಗಿ ದೂರಿನ ಮೊದಲ ಪುಟದಲ್ಲೇ. "ಅವಾಚ್ಯ ಶಬ್ದಗಳಿಂದ ಬೈದು ಜಾತಿನಿಂದನೆ ಮಾಡಿರುತ್ತಾರೆ" ಎಂಬ ಸಿದ್ಧವಾಕ್ಯ ಠಾಣೆಯಲ್ಲಿ ತಾನಾಗಿ ಬರುತ್ತದೆ. ಅದರಿಂದ ಏನೂ ಸಾಬೀತಾಗುವುದಿಲ್ಲ. ಆಡಿದ ಮಾತು ಆಡಿದ ಹಾಗೇ ಬರಬೇಕು, ಕೇಳಿಸಿಕೊಳ್ಳಲು ಎಷ್ಟೇ ಹಿಂಸೆಯಾದರೂ. 3(1)(ಆರ್) ಮತ್ತು (ಎಸ್) ಕಲಮುಗಳು 'ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳ' ಎನ್ನುತ್ತವೆ, ಆದ್ದರಿಂದ ಹೋಟೆಲಿನ ಮುಂದೆಯೋ ಬೋರ್‌ವೆಲ್ ಹತ್ತಿರವೋ, ಅಲ್ಲಿ ಇನ್ಯಾರಿದ್ದರು ಎಂಬುದೂ ಬೇಕು. ಜಾತಿ ಪ್ರಮಾಣಪತ್ರ ಎರಡೂ ಕಡೆಯವರದು ಇರಲಿ, ಏಕೆಂದರೆ ಆರೋಪಿ ಪರಿಶಿಷ್ಟ ಜಾತಿ, ಪಂಗಡದವನಲ್ಲ ಎಂಬುದೂ ಸಾಬೀತಾಗಬೇಕು. ತನಿಖೆ ಮಾಡಿದವರು ಡಿವೈಎಸ್‌ಪಿ ದರ್ಜೆಯವರೇ ಎಂದು ನೋಡಿ. ಈ ಕಾಯ್ದೆಯ 1995ರ ನಿಯಮಗಳಲ್ಲಿನ 7ನೇ ನಿಯಮ ಮೀರಿ ಸಬ್ ಇನ್‌ಸ್ಪೆಕ್ಟರ್ ತನಿಖೆ ನಡೆಸಿದರೆ ಎದುರು ವಕೀಲರಿಗೆ ಮೊದಲ ಅಸ್ತ್ರ ಅದೇ. ದೂರು ಕೊಟ್ಟ ರಾತ್ರಿಯೇ ಸಂತ್ರಸ್ತರ ಮೇಲೊಂದು ಕೌಂಟರ್ ಕೇಸು ಬೀಳುವುದೂ ಮಾಮೂಲು. ಅದರ ಎಫ್‌ಐಆರಿನಲ್ಲಿರುವ ಹೊತ್ತನ್ನು ಗುರುತು ಹಾಕಿಕೊಳ್ಳಿ, ಪಾಟೀಸವಾಲಿನಲ್ಲಿ ಬೇಕಾಗುತ್ತದೆ.

ಸಾಕ್ಷಿಗಳನ್ನು ಉಳಿಸಿಕೊಳ್ಳುವುದು ಇದೆಲ್ಲಕ್ಕಿಂತ ಕಷ್ಟ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳ ಖುಲಾಸೆಯಾಯಿತು, 2014ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಅದೇ 2014ರ ಆಗಸ್ಟಿನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಆ ಕೇಸಿನಲ್ಲಿ ಕೊಪ್ಪಳದ ನ್ಯಾಯಾಲಯ 2024ರ ಅಕ್ಟೋಬರಿನಲ್ಲಿ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ದೋಷಾರೋಪ ಪಟ್ಟಿ ಬಂದ ಎರಡು ತಿಂಗಳಲ್ಲಿ ವಿಚಾರಣೆ ಆದಷ್ಟು ಮಟ್ಟಿಗೆ ಮುಗಿಯಬೇಕು ಎನ್ನುತ್ತದೆ ದೌರ್ಜನ್ಯ ತಡೆ ಕಾಯ್ದೆ. ಇಲ್ಲಿ ಘಟನೆಯಿಂದ ತೀರ್ಪಿಗೆ ಹತ್ತು ವರ್ಷ ಹಿಡಿಯಿತು. ಅಷ್ಟು ಕಾಲ ಸಾಕ್ಷಿ ಅದೇ ಊರಿನಲ್ಲಿ, ಅದೇ ಜಮೀನ್ದಾರರ ಹೊಲದಲ್ಲಿ ಕೂಲಿಗೆ ಹೋಗಿ ಬದುಕಬೇಕು. ಹೆದರಿಕೆಯ ಜತೆ ದಿನಗೂಲಿ ಹೋಗುವುದೂ, ಬಸ್ ಚಾರ್ಜು ಇಲ್ಲದಿರುವುದೂ ಜನರನ್ನು ರಾಜಿಗೆ ತಳ್ಳುತ್ತವೆ. ಅದಕ್ಕೇ ಇದೇ ಕಾಯ್ದೆಯ 15ಎ ಕಲಮನ್ನು ಬಾಯಿಪಾಠ ಮಾಡಿಕೊಳ್ಳಿ. ಜಾಮೀನು ಅರ್ಜಿ ಬಂದಾಗ ಸಂತ್ರಸ್ತರ ಮಾತು ಕೇಳಲೇಬೇಕು, ಸಾಕ್ಷಿಗಳಿಗೆ ಪ್ರಯಾಣ ವೆಚ್ಚ, ಭತ್ಯೆ ಕೊಡಬೇಕು. ಪರಿಹಾರವೂ ಕಂತಿನಲ್ಲಿದೆ. ಜಾತಿನಿಂದನೆಯ ಕೇಸಿಗೆ ಒಂದು ಲಕ್ಷ: ಎಫ್‌ಐಆರಿಗೆ ಶೇ. 25, ದೋಷಾರೋಪ ಪಟ್ಟಿಗೆ ಶೇ. 50, ಶಿಕ್ಷೆಯಾದಾಗ ಉಳಿದದ್ದು. ಸಮಾಜ ಕಲ್ಯಾಣ ಇಲಾಖೆಗೆ ಅರ್ಜಿ ಬರೆದುಕೊಡುವುದು ಚಿಲ್ಲರೆ ಕೆಲಸವೆಂದು ತಿಳಿಯಬೇಡಿ, ಸಾಕ್ಷಿ ನಿಲ್ಲುವುದು ಅದರ ಬಲದ ಮೇಲೆ.

ಕನ್ನಡ ಬಲ್ಲವರಿಗೆ ಇಲ್ಲಿ ದೊಡ್ಡ ಅನುಕೂಲವಿದೆ. ಕೆಳಗಿನ ಕೋರ್ಟಿನ ಸಾಕ್ಷ್ಯ ಕನ್ನಡದಲ್ಲಿ, ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ. "ಕೇರಿಯವರು ನೀರಿಗೆ ಬರಬಾರದು ಅಂದ್ರು" ಎಂಬಲ್ಲಿ 'ಕೇರಿ' ಬರಿಯ ಬೀದಿಯಾಗಿ ತರ್ಜುಮೆಯಾದರೆ ಜಾತಿಯೇ ಮಾಯವಾಗುತ್ತದೆ. ತರ್ಜುಮೆಯನ್ನು ಟೈಪಿಸ್ಟರಿಗೆ ಬಿಡದೆ ಸಾಲು ಸಾಲಾಗಿ ನೀವೇ ನೋಡಿ.

ಮಾನವ ಹಕ್ಕು ಆಯೋಗಗಳ ಬಗ್ಗೆ ಎರಡೇ ಮಾತು. ಘಟನೆಯಾಗಿ ಒಂದು ವರ್ಷ ದಾಟಿದರೆ ದೂರು ನಿಲ್ಲುವುದಿಲ್ಲ. ರಾಜ್ಯ ಆಯೋಗದ ಮುಂದಿರುವ ವಿಷಯವನ್ನು ರಾಷ್ಟ್ರೀಯ ಆಯೋಗ ವಿಚಾರಿಸುವಂತಿಲ್ಲ, ಹಾಗಾಗಿ ಒಟ್ಟಿಗೆ ಎರಡು ಕಡೆ ಕಳಿಸಬೇಡಿ.

ಹೊಟ್ಟೆಪಾಡಿನ ಪ್ರಶ್ನೆಯನ್ನು ಸಂಕೋಚದಿಂದ ಕೊನೆಗೆ ಕೇಳುತ್ತಾರೆ, ಅದು ಮೊದಲೇ ಕೇಳಬೇಕಾದದ್ದು. ಜೂನಿಯರುಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಹೇಳಿದ್ದು ಸಲಹೆ ಮಾತ್ರ. ಸೀನಿಯರ್ ಎಷ್ಟು ಕೊಡುತ್ತಾರೆಂದು ಸೇರುವ ದಿನವೇ ಕೇಳಿ. ಅಪಘಾತ ಪರಿಹಾರ, ಚೆಕ್ ಬೌನ್ಸ್, ಪಾಲುವಿಭಾಗದ ದಾವೆ ಮಾಡುತ್ತ ಹಕ್ಕಿನ ಕೇಸು ನಡೆಸುವುದರಲ್ಲಿ ಕೀಳಿಲ್ಲ, ಆಫೀಸಿನ ಬಾಡಿಗೆ ಅದರಿಂದಲೇ ಹುಟ್ಟಬೇಕು. ಮೂರು ವರ್ಷ ತುಂಬಿದ ಮೇಲೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರ ಪ್ಯಾನೆಲ್‌ಗೆ ಅರ್ಜಿ ಹಾಕಿ. ಮಹಿಳೆಯರು, ಪರಿಶಿಷ್ಟರು, ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವು ಇರುವುದರಿಂದ ನಿಮಗೆ ಬೇಕಾದ ಕೇಸುಗಳೇ ಬರುತ್ತವೆ. ಸಂತ್ರಸ್ತರಿಗೆ ಬರುವ ಪರಿಹಾರದಲ್ಲಿ ಮಾತ್ರ ಒಂದು ರೂಪಾಯಿ ಪಾಲನ್ನೂ ಮಾತಾಡಿಕೊಳ್ಳಬೇಡಿ. ಫಲಿತಾಂಶದಲ್ಲಿ ಪಾಲು ಕೇಳುವುದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ಆ ಹಣ ನೇರ ಅವರ ಖಾತೆಗೆ ಬರುವಂತೆ ಪಾಸ್‌ಬುಕ್ಕಿನ ನಕಲನ್ನು ಅರ್ಜಿಯ ಜತೆಗೇ ಲಗತ್ತಿಸಿ.