ಬಸುರಿ ಅಂತ ಗೊತ್ತಾದ ದಿನವೇ ಮಾತ್ರೆ ಬಿಡಿಸಬೇಡಿ

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನವಜಾತ ಶಿಶುಗಳನ್ನು ನೋಡಿಕೊಳ್ಳುವ ನರ್ಸ್ ನಾನು. ಅಫೀಮು ಗುಂಪಿನ ಔಷಧಿಯ ಚಟ ಇರುವ ಬಸುರಿಯರ ಬಗ್ಗೆ ಹೇಳಹೊರಟರೆ, ನಮಗೂ ಅದಕ್ಕೂ ಏನು ಸಂಬಂಧ ಅಂತ ಕೇಳುವವರೇ ಜಾಸ್ತಿ. ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್) ಒಂದೇ ಅಲ್ಲ, ಬೆನ್ನುನೋವಿಗೆ ಅಂತ ಶುರುವಾಗಿ ಬಿಡಲಾಗದೆ ಉಳಿದ ಟ್ರಮಡಾಲ್, ಟಪೆಂಟಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಕೂಡ ಅದೇ ಗುಂಪಿನವು.

ಇಂಥ ತಾಯಿಗೆ ಹುಟ್ಟಿದ ಮಗು ಮೊದಲ ದಿನ ಆರಾಮಾಗೇ ಇರಬಹುದು. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಔಷಧಿ ಬರುವುದು ನಿಂತಿರುತ್ತದಲ್ಲ, ಸಾಮಾನ್ಯವಾಗಿ ಎರಡು ಮೂರು ದಿನದೊಳಗೆ ಅದು ಸಿಗದ ಒದ್ದಾಟ ಶುರುವಾಗುತ್ತದೆ. ಕೀರಲು ದನಿಯ ಅಳು, ಕೈಕಾಲು ನಡುಕ, ಮೇಲಿಂದ ಮೇಲೆ ಸೀನು, ಆಕಳಿಕೆ, ಭೇದಿ. ಹಸಿವಿನಿಂದ ಮುಷ್ಟಿ ಚೀಪುತ್ತಿರುತ್ತದೆ, ಎದೆಗೆ ಹಾಕಿದರೆ ಹಿಡಿದು ಕುಡಿಯಲು ಆಗುವುದಿಲ್ಲ. ಆಗ ಲೈಟು ತಗ್ಗಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಅಮ್ಮನ ಎದೆಗೆ ಒರಗಿಸುತ್ತೇವೆ. ಎಷ್ಟೋ ಮಕ್ಕಳಿಗೆ ಅಷ್ಟೇ ಸಾಕು. ಸಾಲದಿದ್ದರೆ ಅದೇ ಗುಂಪಿನ ಮಾರ್ಫಿನ್ ಹನಿ ಕೊಟ್ಟು, ಅದರ ಪ್ರಮಾಣ ನಿಧಾನಕ್ಕೆ ಇಳಿಸುತ್ತಾರೆ. ಅವಧಿಗೆ ಮುಂಚೆ ಹೆರಿಗೆ, ಕಡಿಮೆ ತೂಕ, ಇವೂ ಇರುತ್ತವೆ. ಚುಚ್ಚಿಕೊಳ್ಳುವ ಅಭ್ಯಾಸ ಇದ್ದರೆ ತಾಯಿಗೆ ಎಚ್‌ಐವಿ, ಹೆಪಟೈಟಿಸ್ ಸಿ ಭಯ ಬೇರೆ.

ಇಷ್ಟೆಲ್ಲ ಓದಿ ಮನೆಯವರು ಮಾಡುವ ಮೊದಲ ಕೆಲಸ ಬೈದು, ಮಾತ್ರೆ ಕಿತ್ತು ಬಿಸಾಡುವುದು. ಅದೇ ಅಪಾಯ. ಒಮ್ಮೆಲೇ ನಿಲ್ಲಿಸಿದರೆ ತಾಯಿಯ ಜೊತೆ ಹೊಟ್ಟೆಯೊಳಗಿನ ಮಗುವೂ ಒದ್ದಾಡುತ್ತದೆ, ಆಮೇಲೆ ತಡೆಯಲಾಗದೆ ಆಕೆ ಮತ್ತೆ ಹಳೇ ಪ್ರಮಾಣದಲ್ಲೇ ತಗೊಂಡರೆ ಉಸಿರೇ ನಿಲ್ಲಬಹುದು. ಅದಕ್ಕೇ ಡಾಕ್ಟರು ಬ್ಯೂಪ್ರಿನಾರ್ಫಿನ್ ಅಥವಾ ಮೆಥಡೋನ್ ಮೇಲೆ ಇಡುತ್ತಾರೆ; ಇವೂ ಅದೇ ಗುಂಪಿನವೇ, ಆದರೆ ಲೆಕ್ಕದ ಪ್ರಮಾಣದಲ್ಲಿ ಕೊಟ್ಟು ಒದ್ದಾಟ ತಡೆಯುತ್ತವೆ. ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದರು ಅಂತ ಅತ್ತೆಯಂದಿರು ಗೊಣಗುತ್ತಾರೆ. ಗೊಣಗಲಿ ಬಿಡಿ. 2010ರ ಒಂದು ದೊಡ್ಡ ಅಧ್ಯಯನದಲ್ಲಿ ಈ ಎರಡನ್ನೂ ಹೋಲಿಸಿದ್ದರು: ಬ್ಯೂಪ್ರಿನಾರ್ಫಿನ್ ತಗೊಂಡ ತಾಯಂದಿರ ಮಕ್ಕಳು ಸರಾಸರಿ 10 ದಿನ ಆಸ್ಪತ್ರೆಯಲ್ಲಿದ್ದರು, ಮೆಥಡೋನ್‌ನವರ ಮಕ್ಕಳು 17.5 ದಿನ.

ಹೆರಿಗೆ ಕೋಣೆಯಲ್ಲಂತೂ ಮುಚ್ಚಿಡಲೇಬೇಡಿ. ನೋವಿಗೆ ಅಂತ ಪೆಂಟಜೋಸಿನ್ (ಮೈಯಲ್ಲಿರುವ ಅಫೀಮು ಗುಂಪಿನ ಔಷಧಿಯ ಕೆಲಸ ತಡೆಯುವ ನೋವಿನ ಔಷಧಿ) ಇಂಜೆಕ್ಷನ್ ಕೊಟ್ಟುಬಿಟ್ಟರೆ, ಇಂಥವರಿಗೆ ಅಲ್ಲೇ ಮೈನಡುಕ, ವಾಂತಿ ಶುರುವಾಗಬಹುದು. ಸಿಸೇರಿಯನ್ ಆದ ಮೇಲೆ ಮಾಮೂಲಿ ಪ್ರಮಾಣದ ನೋವಿನ ಔಷಧಿ ಇವರಿಗೆ ಸಾಲುವುದೂ ಇಲ್ಲ. ಅದನ್ನು ನಾಟಕ ಅನ್ನುವ ಸಿಬ್ಬಂದಿ ನಮ್ಮಲ್ಲೂ ಇದ್ದಾರೆ, ನನಗೆ ಕೋಪ ಬರುವುದು ಅಲ್ಲೇ.

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗ ಇದೆ. ಹೋಗಲು ಮುಜುಗರ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.